ಮನೆಯ ಯಂತ್ರಗಳಿಗೆ ಯಜಮಾನರು ಯಾರು?

ದೀಪ, ಬೀಗ, ನೀರಿನ ಪಂಪುಗಳನ್ನು ಒಂದೇ ಕಡೆಯಿಂದ ನಡಿಸುವ ‘ಹಬ್’ ಎಂಬ ಪೆಟ್ಟಿಗೆಯನ್ನು ಕೊಳ್ಳಲಿಚ್ಛಿಸುವ ನಮ್ಮ ಹಿರಿಯ ವಿದ್ಯಾರ್ಥಿನಿಯರು ಮೊದಲು ವಿಚಾರಿಸತಕ್ಕದ್ದೇನಂದರೆ, ಅದರ ಬುದ್ಧಿಯು ಮನೆಯೊಳಗಿರುವುದೋ, ದೂರದ ಕಂಪೆನಿಯ ಸರ್ವರಿನಲ್ಲಿರುವುದೋ ಎಂಬುದೇ. ಅಮೇರಿಕದಲ್ಲಿ ಸುಮಾರು 300 ಡಾಲರು ತೆತ್ತು ‘ರಿವಾಲ್ವ್’ ಹಬ್ ಕೊಂಡವರಿಗೆ 2016ರಲ್ಲಿ ಅದು ನಿರುಪಯೋಗವಾಯಿತು. ಪೆಟ್ಟಿಗೆಯು ಕೆಟ್ಟಿರಲಿಲ್ಲ, ಸರ್ವರನ್ನು ನಿಲ್ಲಿಸಿದರು, ಅಷ್ಟೇ.

2013ರಲ್ಲಿ ಆರಂಭವಾದ ‘ಹೋಮ್ ಅಸಿಸ್ಟೆಂಟ್’ ಎಂಬ ತಂತ್ರಾಂಶವಾದರೋ ಮನೆಯ ಸಣ್ಣ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಅದಕ್ಕೆ ಜಿಗ್‌ಬೀ ರೇಡಿಯೋ ಜೋಡಿಸಿದರೆ, ಜಿಗ್‌ಬೀ ದೀಪಗಳು ಇಂಟರ್ನೆಟ್ ಇಲ್ಲದೆಯೂ ಹೇಳಿದಂತೆ ಕೇಳುವವು. ಹೊಂದಿಸುವುದಕ್ಕೆ ತಾಳ್ಮೆ ಬೇಕೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಬೀಜಗಣಿತ ಕಲಿತ ನಮ್ಮ ಹುಡುಗಿಯರು ಇದನ್ನು ಅಣ್ಣತಮ್ಮಂದಿರಿಗೆ ಬಿಡಬೇಕಾಗಿಲ್ಲ.

ಅಂಗಡಿಯಲ್ಲಿಯೇ ಪರೀಕ್ಷಿಸಿರಿ. ಇಂಟರ್ನೆಟ್ಟಿನ ತಂತಿಯನ್ನು ಕಳಚಿಸಿ, ಬಳಿಕ ದೀಪ ಹತ್ತಿಸಿ ತೋರಿಸೆನ್ನಿರಿ.