ಟೊಮಾಟೊ ಬೆಳೆಗೆ ಕೊಟ್ಟ ಸಾರಜನಕ ಗಾಳಿಯ ಪಾಲಾಗದಿರಲಿ

ಟೊಮಾಟೊ ಬೆಳೆಗೆ ಯೂರಿಯಾ ಒಂದು ಹಿಡಿ ಹೆಚ್ಚಾದರೆ ನಷ್ಟವೇನು ಎಂದು ಕೇಳುವ ರೈತರುಂಟು. ಗಿಡ ಸೊಕ್ಕಿ ಎಲೆ ಹೆಚ್ಚುತ್ತದೆ, ಕಾಯಿ ತಡವಾಗುತ್ತದೆ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ.

ಮಣ್ಣಿಗೆ ಬಿದ್ದ ಯೂರಿಯಾ ಮೊದಲು ಅಮೋನಿಯಾ ರೂಪಕ್ಕೂ, ಅನಂತರ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ರೂಪಕ್ಕೂ ಬರುತ್ತದೆ. ನೀರು ನಿಂತು ಮಣ್ಣಿನಲ್ಲಿ ಗಾಳಿಯಾಡದಿದ್ದರೆ, ಬೆಳೆ ಹೀರದೆ ಉಳಿದ ನೈಟ್ರೇಟನ್ನು ಬೇರೆ ಸೂಕ್ಷ್ಮಜೀವಿಗಳು ಅನಿಲವಾಗಿ ಮಾರ್ಪಡಿಸುತ್ತವೆ. ಇವುಗಳಲ್ಲಿ ನೈಟ್ರಸ್ ಆಕ್ಸೈಡ್ ಒಂದು. ನೂರು ವರ್ಷಗಳ ಲೆಕ್ಕದಲ್ಲಿ, ಭೂಮಿಯ ಬಿಸಿ ಏರಿಸಲು ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಪ್ರಬಲ.

45 ಕಿ.ಗ್ರಾಂ. ಯೂರಿಯಾ ಚೀಲದಲ್ಲಿ 20.7 ಕಿ.ಗ್ರಾಂ. ಸಾರಜನಕವಿದೆ. ಅದರಲ್ಲಿ ಶೇ. 1 ರಷ್ಟು ಈ ಅನಿಲವಾದರೂ ಸುಮಾರು 325 ಗ್ರಾಂ ಆಗುತ್ತದೆ. ಅಂದರೆ 89 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡಿಗೆ ಸಮ. ನೀರು ಹೆಚ್ಚಾದಾಗ ನೈಟ್ರೇಟ್ ಬೇರಿನ ಕೆಳಕ್ಕೂ ಬಸಿದುಹೋಗುವುದರಿಂದ ರೈತನ ಹಣವೂ ಪೋಲಾಗುತ್ತದೆ.

ಆದ್ದರಿಂದ ಈ ಕ್ರಮಗಳನ್ನು ಅನುಸರಿಸಬೇಕು:

1. ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ನಿರ್ಧರಿಸಿರಿ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರದ ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

2. ಯೂರಿಯಾವನ್ನು ಒಂದೇ ಬಾರಿ ಸುರಿಯದೆ ಕಂತುಗಳಲ್ಲಿ ಕೊಡಿರಿ. ಮೇಲುಗೊಬ್ಬರವನ್ನು ಮಣ್ಣಿನಿಂದ ಮುಚ್ಚಿರಿ.

3. ಗೊಬ್ಬರ ಕೊಟ್ಟ ಮೇಲೆ ಹಗುರವಾಗಿ ನೀರು ಕೊಡಿರಿ. ಜೋರು ಮಳೆಯ ಸೂಚನೆಯಿದ್ದರೆ ಗೊಬ್ಬರ ಕೊಡುವುದನ್ನು ಮುಂದೂಡಿರಿ.

4. ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಿರಿ. ಹನಿ ನೀರಾವರಿ ಇದ್ದವರು ಗೊಬ್ಬರವನ್ನು ಕರಗಿಸಿ ಸ್ವಲ್ಪಸ್ವಲ್ಪವಾಗಿ ಕೊಡಬಹುದು.

ಬೇವು ಲೇಪಿತ ಯೂರಿಯಾ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆ, ನಿಜ. ಆದರೆ ಅತಿಯಾಗಿ ಹಾಕಿದ ತಪ್ಪನ್ನು ಅದು ಸರಿಪಡಿಸಲಾರದು.