ನಾಲೆ ಬಂತು, ನೀರು ಬಂತು, ಜ್ವರ ಏಕೆ ಬಂತು?

ಮಕ್ಕಳೇ, ಓಡುತ್ತಿರುವ ಸೈಕಲ್ಲಿನ ಚೈನು ಕಳಚಿದರೆ ಏನಾಗುತ್ತದೆ? ಪೆಡಲು ತಿರುಗುತ್ತದೆ, ಆದರೆ ಸೈಕಲ್ಲು ಮುಂದೆ ಹೋಗುವುದಿಲ್ಲ. ಗಾಲಿ ಚೆನ್ನಾಗಿದೆ, ಹ್ಯಾಂಡಲು ಚೆನ್ನಾಗಿದೆ, ಪೆಡಲೂ ಚೆನ್ನಾಗಿದೆ. ಕೆಟ್ಟಿರುವುದು ಅವುಗಳ ನಡುವಿನ ಸಂಬಂಧ.

ಹೀಗೆ ಹಲವು ಭಾಗಗಳು ಸೇರಿ, ಒಂದರ ಮೇಲೊಂದು ಪರಿಣಾಮ ಬೀರುತ್ತಾ ಕೆಲಸ ಮಾಡುವುದಕ್ಕೆ ವಿಜ್ಞಾನದಲ್ಲಿ 'ವ್ಯವಸ್ಥೆ' ಎಂದು ಹೆಸರು. ನಮ್ಮ ದೇಹದಲ್ಲಿ ಜೀರ್ಣಾಂಗ ವ್ಯವಸ್ಥೆ ಇದೆಯಲ್ಲವೇ? ಊರೂ ಒಂದು ವ್ಯವಸ್ಥೆಯೇ. ಅದರಲ್ಲಿ ಹೊಲವಿದೆ, ನೀರಿದೆ, ಮನೆಗಳಿವೆ, ಜನ, ದನ, ಕೀಟಗಳೂ ಇವೆ. ಒಂದು ಭಾಗವನ್ನು ಬದಲಾಯಿಸುವ ಮೊದಲು ಉಳಿದ ಭಾಗಗಳಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆಯೇ 'ವ್ಯವಸ್ಥಾ ಎಂಜಿನಿಯರಿಂಗ್'. ಇದು ಏಕೆ ಬೇಕು ಎಂಬುದಕ್ಕೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಒಂದು ಉದಾಹರಣೆಯಿದೆ.

ನೀರಿನ ಹಿಂದೆ ಬಂದ ಮಲೇರಿಯಾ

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಆರಂಭದ ಹೊತ್ತಿಗೆ ಅದರ ನೀರು ಇರ್ವಿನ್ ನಾಲೆಯಲ್ಲಿ ಹರಿಯತೊಡಗಿತು. ಇಂದು ಅದೇ ವಿಶ್ವೇಶ್ವರಯ್ಯ ನಾಲೆ. ಮಳೆಯನ್ನೇ ನಂಬಿದ್ದ ರಾಗಿ ಹೊಲಗಳು ಭತ್ತದ ಗದ್ದೆ, ಕಬ್ಬಿನ ತೋಟಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಬಡತನ ತಗ್ಗಿತು.

ಆದರೆ ನಾಲೆಯ ಬಯಲಿನಲ್ಲಿ ಮಲೇರಿಯಾ ಹೆಚ್ಚಿತು. ಚಳಿ, ನಡುಕ, ಜ್ವರ, ಬೆವರು. ಮಲಗಿದ ರೈತ ನಾಟಿ ಮಾಡಲಾರ, ಮಲಗಿದ ಮಗು ಶಾಲೆಗೆ ಹೋಗಲಾರದು. ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾದ ಅಧ್ಯಯನ ನಡೆಸಿತು.

ಕಾರಣವೇನು? ನಾಲೆಯಿಂದ ನೀರು ಜಿನುಗಿ ತಗ್ಗುಗಳಲ್ಲಿ ನಿಲ್ಲುತ್ತದೆ. ಮಣ್ಣು ತೆಗೆದ ಗುಂಡಿಗಳು ತುಂಬುತ್ತವೆ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರಿರುತ್ತದೆ. ಅನಾಫಿಲಿಸ್ ಸೊಳ್ಳೆಗೆ ಮೊಟ್ಟೆಯಿಡಲು ಇಂಥ ಜಾಗವೇ ಬೇಕು. ಹಾಗಾದರೆ ನಾಲೆ ತಂದದ್ದೇ ತಪ್ಪೇ? ಇಲ್ಲ. ನೀರು ತರುವ ದಾರಿಯಷ್ಟೇ ಮುಖ್ಯ, ಮಿಕ್ಕ ನೀರು ಬಸಿದು ಹೋಗುವ ದಾರಿ. ನಕ್ಷೆಯಲ್ಲಿ ನಾಲೆಯ ಜೊತೆ ಸೊಳ್ಳೆಯನ್ನೂ ಬರೆಯಬೇಕಿತ್ತು.

ಸರಪಳಿ ಎಲ್ಲಿ ಕಡಿಯಬೇಕು?

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. ರೋಗಿಯ ರಕ್ತ ಹೀರಿದ ಹೆಣ್ಣು ಅನಾಫಿಲಿಸ್ ಸೊಳ್ಳೆಯ ದೇಹದಲ್ಲಿ ಅದು ಹಲವು ದಿನ ಬೆಳೆಯುತ್ತದೆ. ಆಮೇಲೆ ಆ ಸೊಳ್ಳೆ ಕಚ್ಚಿದವರ ರಕ್ತಕ್ಕೆ ಸೇರುತ್ತದೆ. ಮನುಷ್ಯ, ಸೊಳ್ಳೆ, ಮತ್ತೆ ಮನುಷ್ಯ. ಇದೊಂದು ಸರಪಳಿ. ಸೊಳ್ಳೆಯೊಳಗೆ ಈ ಜೀವಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ರಾಸ್ ಗಣಿತವನ್ನೂ ಬಲ್ಲವರು. ಮಲೇರಿಯಾ ನಿಲ್ಲಿಸಲು ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಹೇಗೆ? ಒಬ್ಬ ರೋಗಿಯಿಂದ ಇಬ್ಬರಿಗೆ ರೋಗ ಹರಡಿದರೆ 1, 2, 4, 8, 16 ಎಂದು ಬೆಳೆಯುತ್ತದೆ. ಇಬ್ಬರು ರೋಗಿಗಳಿಂದ ಒಬ್ಬರಿಗೆ ಮಾತ್ರ ಹರಡಿದರೆ 16, 8, 4, 2, 1 ಎಂದು ಇಳಿಯುತ್ತದೆ. ಸೊಳ್ಳೆಗಳು ಒಂದು ಮಿತಿಗಿಂತ ಕಡಿಮೆಯಾದರೆ ಸಾಕು, ರೋಗ ತಾನಾಗಿ ಇಳಿಮುಖವಾಗುತ್ತದೆ.

ಗೆಲುವೇ ಸೋಲಾದ ಬಗೆ

1947ರಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂದು ಅಂದಾಜು. 1953ರಲ್ಲಿ ದೇಶದಾದ್ಯಂತ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮ ಶುರುವಾಯಿತು. 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಮಲೇರಿಯಾ ಮುಗಿಯಿತು ಎಂದು ಕಾವಲು ಸಡಿಲವಾಯಿತು. ಇತ್ತ ಡಿಡಿಟಿಗೆ ಸಾಯದ ಸೊಳ್ಳೆಗಳು ಬದುಕುಳಿದು ಮರಿ ಮಾಡಿದವು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು!

ನಾವು ಮಾಡಿದ ಕೆಲಸದ ಪರಿಣಾಮ ತಿರುಗಿ ನಮ್ಮ ಹತ್ತಿರವೇ ಬರುವುದಕ್ಕೆ 'ಮರುಪರಿಣಾಮ' ಎನ್ನೋಣ. ವ್ಯವಸ್ಥೆಯನ್ನು ಅಭ್ಯಾಸ ಮಾಡುವವರು ಇದನ್ನು ಮೊದಲೇ ಹುಡುಕುತ್ತಾರೆ. ಬಾವಿಗೆ ಬಿಡುವ ಗ್ಯಾಂಬೂಸಿಯಾ ಮೀನನ್ನೇ ನೋಡಿ. ಅದು ಸೊಳ್ಳೆಯ ಮರಿ ತಿನ್ನುತ್ತದೆ, ಒಳ್ಳೆಯದೇ. ಅದನ್ನು ಕೆರೆ ಹೊಳೆಗೆ ಬಿಟ್ಟರೆ ನಮ್ಮ ಊರಿನ ಮೀನುಗಳ ಮರಿಗಳನ್ನೂ ತಿನ್ನುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೀರು

ಶ್ರೀರಂಗಪಟ್ಟಣದಲ್ಲಿ ಕಾವೇರಿಯಿದೆ. ವಿರಿಜಾ, ಚಿಕ್ಕದೇವರಾಯ ಸಾಗರ, ಬಂಗಾರದೊಡ್ಡಿಯಂಥ ಹಳೆಯ ನಾಲೆಗಳಿವೆ. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆ ಮತ್ತು ತೊಣ್ಣೂರು ಕೆರೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನದಿ, ಮಂದಗೆರೆ ಮತ್ತು ಹೇಮಗಿರಿ ಅಣೆಕಟ್ಟೆಗಳು. ನಾಗಮಂಗಲದ ಬಹುಭಾಗ ಮಳೆಯಾಶ್ರಿತ, ಕೆರೆಗಳೇ ಆಧಾರ. ನೀರು ಕಡಿಮೆಯಿರುವ ಕಡೆ ಜನ ತೊಟ್ಟಿ, ಡ್ರಮ್ಮುಗಳಲ್ಲಿ ನೀರು ಕೂಡಿಡುತ್ತಾರೆ.

ಈಗ ಯೋಚಿಸಿ. ನಾಲೆಯ ಬದಿಯ ಊರಿಗೆ ಬೇಕಾದದ್ದು ಬಸಿಗಾಲುವೆ. ತೊಟ್ಟಿಯಲ್ಲಿ ನೀರು ಕೂಡಿಡುವ ಊರಿಗೆ ಬೇಕಾದದ್ದು ಭದ್ರವಾದ ಮುಚ್ಚಳ. ಎರಡೂ ಊರಿಗೆ ಒಂದೇ ಮದ್ದು ಕೊಟ್ಟರೆ ಫಲವಿಲ್ಲ. ಹಾಗೆಂದು ಬೇರೆ ಬೇರೆಯಾಗಿ ಕೆಲಸ ಮಾಡಿದರೂ ಸಾಲದು. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಹೊಳೆ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಹೊಳೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬರುವ ಕುಟುಂಬಗಳಿಗೂ ಜ್ವರ ಬಂದ ದಿನವೇ ರಕ್ತಪರೀಕ್ಷೆ, ಔಷಧಿ ಸಿಗಬೇಕು. ಅವರನ್ನು ಬಿಟ್ಟರೆ ಸರಪಳಿ ಕಡಿಯುವುದಿಲ್ಲ.

ಗಣಕಯಂತ್ರ ಏನು ಮಾಡಬಲ್ಲದು?

ಮಳೆ, ಬಿಸಿಲು, ನಾಲೆಯ ನೀರು, ಜ್ವರದ ಸಂಖ್ಯೆ, ಜನರ ಓಡಾಟ ಇಷ್ಟನ್ನೂ ಒಬ್ಬರೇ ತಲೆಯಲ್ಲಿಟ್ಟುಕೊಂಡು ಲೆಕ್ಕ ಹಾಕುವುದು ಕಷ್ಟ. ಇಲ್ಲಿ 'ಕೃತಕ ಬುದ್ಧಿಮತ್ತೆ' ನೆರವಾಗುತ್ತದೆ. ಇದು ಉದಾಹರಣೆಗಳನ್ನು ನೋಡಿ ಕಲಿಯುವ ಗಣಕಯಂತ್ರದ ವಿದ್ಯೆ.

ಅದು ಹೇಗೆ ಕಲಿಯುತ್ತದೆ? 2018ರಲ್ಲಿ ಅಮೆರಿಕದ ವಿಜ್ಞಾನಿಗಳು ರಕ್ತಕಣಗಳ 27,558 ಚಿತ್ರಗಳನ್ನು ಇದಕ್ಕಾಗಿ ಬಳಸಿದರು. ಅರ್ಧ ಚಿತ್ರಗಳಲ್ಲಿ ಮಲೇರಿಯಾ ಜೀವಿ ಇತ್ತು, ಅರ್ಧದಲ್ಲಿ ಇರಲಿಲ್ಲ. ಯಂತ್ರ ಒಂದೊಂದು ಚಿತ್ರ ನೋಡಿ 'ಇದೆ' ಅಥವಾ 'ಇಲ್ಲ' ಎಂದು ಊಹಿಸುತ್ತದೆ. ಸರಿಯುತ್ತರದೊಂದಿಗೆ ಹೋಲಿಸುತ್ತದೆ. ತಪ್ಪಿದ್ದರೆ ತನ್ನ ಲೆಕ್ಕವನ್ನು ಸ್ವಲ್ಪ ತಿದ್ದಿಕೊಳ್ಳುತ್ತದೆ. ಸಾವಿರಾರು ಸಲ ತಿದ್ದಿಕೊಂಡ ಮೇಲೆ ಹೊಸ ಚಿತ್ರವನ್ನೂ ಗುರುತಿಸುತ್ತದೆ. ನೀವು ಮಗ್ಗಿ ಕಲಿತದ್ದೂ ತಿದ್ದಿ ತಿದ್ದಿಯೇ ಅಲ್ಲವೇ?

ಆದರೆ ಒಂದು ಮಾತು. ಆ ಚಿತ್ರಗಳೆಲ್ಲ ಫಾಲ್ಸಿಪ್ಯಾರಂ ಎಂಬ ಒಂದೇ ಬಗೆಯ ಪ್ಲಾಸ್ಮೋಡಿಯಂನವು. ನಮ್ಮ ರಾಜ್ಯದಲ್ಲಿ ವೈವಾಕ್ಸ್ ಎಂಬ ಇನ್ನೊಂದು ಬಗೆಯೂ ಇದೆ. ತೋರಿಸದೇ ಇದ್ದುದನ್ನು ಯಂತ್ರ ಸರಿಯಾಗಿ ಗುರುತಿಸೀತು ಎಂದು ನಂಬುವಂತಿಲ್ಲ. ಹಾಗೆಯೇ, ಯಾವ ಊರಿನಲ್ಲಿ ಜ್ವರ ಹೆಚ್ಚೀತು ಎಂದು ಯಂತ್ರ ಮುನ್ಸೂಚನೆ ಕೊಡಬೇಕಾದರೆ ಜ್ವರದ ದಾಖಲೆ ಇರಬೇಕು. ಯಾರೂ ಬರೆದುಕೊಳ್ಳದ ಜ್ವರ ಯಂತ್ರದ ಪಾಲಿಗೆ ಬಂದೇ ಇಲ್ಲ! ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಬರೆದುಕೊಳ್ಳುವ ಒಂದು ಸಾಲು ಅಷ್ಟು ಅಮೂಲ್ಯವಾದುದು. ಯಂತ್ರ ಎಚ್ಚರಿಸಿದ ಮೇಲೂ ಗುಂಡಿ ಮುಚ್ಚುವವರು ನಾವೇ.

ಮಾಡಿ ನೋಡಿ

1. ಹತ್ತು ಮಂದಿ ವೃತ್ತಾಕಾರವಾಗಿ ನಿಲ್ಲಿ. ಮಳೆ, ನಾಲೆ, ಗದ್ದೆ, ಸೊಳ್ಳೆ, ಮೀನು, ರೋಗಿ, ವೈದ್ಯರು, ಆಶಾ ಕಾರ್ಯಕರ್ತೆ, ರೈತ, ಶಾಲೆ ಎಂಬ ಚೀಟಿಗಳನ್ನು ಧರಿಸಿ. ಯಾರಿಗೆ ಯಾರೊಂದಿಗೆ ಸಂಬಂಧವಿದೆಯೋ ಅವರ ನಡುವೆ ದಾರ ಹಿಡಿಯಿರಿ. ಈಗ 'ನಾಲೆ' ತನ್ನ ದಾರಗಳನ್ನು ಮೆಲ್ಲಗೆ ಎಳೆಯಲಿ. ಎಳೆತ ಯಾರು ಯಾರಿಗೆ ತಿಳಿಯಿತು?

2. ಶಿಕ್ಷಕರ ಜೊತೆಯಲ್ಲಿ ಶಾಲೆಯ ಸುತ್ತ ನಿಂತ ನೀರನ್ನು ಹುಡುಕಿ. ನಾಲೆ, ಕೆರೆಯ ಅಂಚಿಗೆ ಹೋಗಬೇಡಿ. ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಅನಾಫಿಲಿಸ್. ಓರೆಯಾಗಿ ತಲೆಕೆಳಗಾಗಿ ತೂಗುತ್ತಿದ್ದರೆ ಬೇರೆ ಜಾತಿ. ನೋಡಿದ್ದನ್ನು ದಿನಾಂಕದೊಂದಿಗೆ ಬರೆದಿಡಿ.

3. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 14 ದಿನ ಬೇಕು. ಹಾಗಾದರೆ ತೊಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಬೇಕು? ಕಾರಣ ಕೊಡಿ.

ಯೋಚಿಸಿ

ನಿಮ್ಮ ಊರಿಗೆ ಹೊಸ ರಸ್ತೆ ಅಥವಾ ಹೊಸ ಕೊಳವೆಬಾವಿ ಬರುತ್ತದೆ ಎಂದುಕೊಳ್ಳಿ. ಅದರಿಂದ ಯಾವ ಯಾವ ಭಾಗಗಳು ಬದಲಾಗಬಹುದು? ಒಳ್ಳೆಯದನ್ನು ಒಂದು ಬಣ್ಣದಲ್ಲಿ, ತೊಂದರೆಯನ್ನು ಇನ್ನೊಂದು ಬಣ್ಣದಲ್ಲಿ ಬರೆದು ನಕ್ಷೆ ಮಾಡಿ, ತರಗತಿಯ ಗೋಡೆಗೆ ಅಂಟಿಸಿ. ಮುಂದಿನ ಗ್ರಾಮಸಭೆಯ ದಿನ ಹಿರಿಯರಿಗೆ ತೋರಿಸಿ.