ಹಿತ್ತಲ ತರಕಾರಿಗೂ ಸರದಿ ಬೇಕು

ಹೊಲದಲ್ಲಿ ರಾಗಿ ಆದ ಮೇಲೆ ಹುರುಳಿ, ಜೋಳದ ಜೊತೆ ತೊಗರಿ ಅಂತ ಲೆಕ್ಕ ಹಾಕುವ ನಾವು, ಹಿತ್ತಲಿಗೆ ಬಂದರೆ ಅದನ್ನು ಮರೆತೇಬಿಡ್ತೀವಿ. ಬಚ್ಚಲ ನೀರು ಹೋಗುವ ಕಡೆ ಬದನೆ. ಅದು ಸತ್ತರೆ ಅಲ್ಲೇ ಟೊಮೆಟೊ, ಅದೂ ಸತ್ತರೆ ಮೆಣಸಿನ ಗಿಡ. ಬೆಳೆ ಬದಲಾಯಿಸಿದೆವಲ್ಲ ಅಂತ ಸಮಾಧಾನ. ಆದರೆ ಮೂರೂ ಒಂದೇ ಕುಲ. ಆಲೂಗಡ್ಡೆಯೂ ಇವುಗಳ ದಾಯಾದಿ. ಒಂದರ ರೋಗ ಇನ್ನೊಂದಕ್ಕಾಗಿ ಮಣ್ಣಲ್ಲಿ ಕಾದು ಕೂತಿರುತ್ತೆ. ಕೊಡ ನೀರಿಗೂ ಲೆಕ್ಕ ಇಡುವ ನಮ್ಮಂಥ ಮಳೆಯಾಶ್ರಿತರು, ಸಾಯುವ ಗಿಡಕ್ಕೆ ಎರಡು ತಿಂಗಳು ನೀರು ಹೊತ್ತಂತಾಗುತ್ತೆ.

ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋತು ಬಿತ್ತೇ? ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಔಷಧಿ ಅಂಗಡಿಗೆ ಓಡಿ ಫಲವಿಲ್ಲ.

ಗಿಡ ಏಳ್ಗೆಯಾಗದೆ ಹಳದಿ ತಿರುಗಿ ನಿಂತರೆ ಕಿತ್ತು ಬೇರು ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳದ ಕೆಲಸ. ಅವರೆ, ಅಲಸಂದೆ ಬೇರಲ್ಲೂ ಗಂಟು ಇರುತ್ತೆ, ಗಲಿಬಿಲಿ ಬೇಡ. ಅದು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ತಿಕ್ಕಿದರೆ ಉದುರುತ್ತೆ, ಒಡೆದರೆ ಒಳಗೆ ನಸುಗೆಂಪು. ಸಾರಜನಕ ಕೂಡಿಸುವ ಒಳ್ಳೇ ಗಂಟು ಅದು. ಹುಳದ ಗಂಟು ಹಾಗಲ್ಲ, ಬೇರು ತಾನೇ ಊದಿಕೊಂಡಿರುತ್ತೆ. ಎಷ್ಟು ತಿಕ್ಕಿದರೂ ಉದುರದು.

ಹಿತ್ತಲಲ್ಲಿ ಹತ್ತಡಿ ಉದ್ದಗಲದ ನಾಲ್ಕು ಮಡಿ ಮಾಡಿ. ಒಂದು ಮಡಿಯಲ್ಲಿ ಮೊದಲ ವರ್ಷ ರಾಗಿ ಇಲ್ಲವೇ ಮುಸುಕಿನ ಜೋಳ, ಎರಡನೇ ವರ್ಷ ಅವರೆ, ಅಲಸಂದೆ, ಗೋರಿಕಾಯಿ. ಮೂರನೇ ವರ್ಷ ಬದನೆ ಕುಲ, ನಾಲ್ಕನೇ ವರ್ಷ ಈರುಳ್ಳಿ, ಮೂಲಂಗಿ, ಸೊಪ್ಪು. ಉಳಿದ ಮಡಿಗಳಲ್ಲೂ ಇದೇ ಸರದಿ, ಒಂದೊಂದು ವರ್ಷ ಹಿಂದೆ ಮುಂದೆ. ಹೀರೆ, ಸೋರೆ ಬೇಲಿಗೆ ಹಬ್ಬಲಿ.

ತರಕಾರಿ ಮಡೀಲಿ ರಾಗಿ ಯಾಕೆ ಅಂತ ಮನೆಯಲ್ಲಿ ಗೊಣಗಬಹುದು. ರಾಗಿ, ಜೋಳಕ್ಕೆ ಈ ಸೊರಗು ರೋಗ ತಗಲದು. ಆ ಹೊತ್ತಿಗೆ ಮಣ್ಣಿನ ದುಂಡಾಣು ಆಹಾರವಿಲ್ಲದೆ ಕಡಿಮೆಯಾಗುತ್ತೆ, ದನಕ್ಕೆ ಮೇವೂ ಆಯ್ತು. ಗಂಟುಬೇರಿನ ಮಡಿಗೆ ಮಾತ್ರ ರಾಗಿಗಿಂತ ಚೆಂಡುಹೂ ವಾಸಿ. ಎರಡು ಮೂರು ತಿಂಗಳು ಒತ್ತಾಗಿ ಬೆಳೆಸಿ. ಅಂಥ ಮಡಿಗೆ ಬೆಂಡೆ, ಸೌತೆ, ಅಲಸಂದೆ ಬೇಡವೇ ಬೇಡ. ಕುಲ ಬೇರೆಯಾದರೂ ಹುಳಕ್ಕೆ ಅವೂ ಊಟವೇ. ಬೇಸಿಗೆಯಲ್ಲಿ ಆ ಮಣ್ಣನ್ನು ಆಳವಾಗಿ ಅಗೆದು ಬಿಸಿಲಿಗೆ ಬಿಡಿ.

ಇನ್ನು ನೀರು. ರೋಗದ ಮಡಿಯಿಂದ ಪಕ್ಕದ ಮಡಿಗೆ ನೀರು ಹರಿದರೆ ರೋಗವೂ ಜೊತೆಗೇ ಹೋಗುತ್ತೆ, ಸರದಿ ಮಾಡಿದ್ದು ದಂಡ. ಪ್ರತಿ ಮಡಿಗೂ ಕಾಲುವೆಯಿಂದ ಬೇರೆ ಬೇರೆ ಬಾಯಿ ಇಡಿ. ರೋಗದ ಮಡಿಗೆ ಗುದ್ದಲಿ ಕೊನೆಗೆ ಹಾಕಿ, ತೊಳೆದಿಡಿ. ಸೊರಗಿದ ಗಿಡ ತಿಪ್ಪೆಗೆ ಬೇಡ, ಸುಟ್ಟುಬಿಡಿ. ತಾನಾಗಿ ಹುಟ್ಟುವ ಗಣಿಕೆ ಸೊಪ್ಪೂ ಬದನೆ ಕುಲದ್ದೇ. ರೋಗದ ಮಡಿಯಲ್ಲಿ ಕಂಡರೆ ಕಿತ್ತು ಹಾಕಿ.

ಯಾವ ಮಡಿಗೆ ಏನು ಹಾಕಿದಿರಿ ಅನ್ನೋದು ನಾಲ್ಕು ವರ್ಷ ನೆನಪಿರಲ್ಲ. ಕ್ಯಾಲೆಂಡರ್ ಹಾಳೆಯ ಹಿಂಬದಿ ಬರೆದಿಡಿ. ವರ್ಷ ಕಳೀತು ಅಂತ ಆ ಹಾಳೇನ ಒಲೆಗೆ ಹಾಕಬೇಡಿ.